ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಗಂಟೆ? ಲೆಕ್ಕ ಶುರುವಾಗುವುದು ಬಳ್ಳಾರಿಯ ಮನೆ ಬಾಗಿಲಿಂದ

ನಾನು ಬಹಳ ವರ್ಷ ವಿಮಾನಗಳ ಹಾರಾಟದ ಪ್ಲಾನ್ ಹಾಕುವ ಕೆಲಸ ಮಾಡಿದವನು. ಡಿಸ್ಪ್ಯಾಚರ್ ಅಂತಾರೆ. ಪೈಲಟ್ ಸೀಟಿಗೆ ಹೋಗುವ ಮುಂಚೆ ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ, ಮೇಲೆ ಗಾಳಿ ಹೇಗಿದೆ, ತೊಂದರೆ ಆದರೆ ಎಲ್ಲಿ ಇಳಿಯಬೇಕು ಅಂತ ಲೆಕ್ಕ ಹಾಕಿ ಕೊಡುವ ಕೆಲಸ. ಈಗ ಊರಿಗೆ ಬಂದು ಬಳ್ಳಾರಿಯಲ್ಲೇ ಇದ್ದೇನೆ. ನಮ್ಮ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಇವೆ: ದೂರ ಎಷ್ಟು, ಎಷ್ಟು ಹೊತ್ತು ಆಗುತ್ತೆ, ಹೇಳಿದ್ದಕ್ಕೂ ಆಗುವುದಕ್ಕೂ ಯಾಕೆ ತಾಳೆ ಆಗಲ್ಲ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಆ ತಾಯಿಯ ಪತ್ರದಲ್ಲಿ ಭಯ ಕಾಣಿಸಿತು.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಸೊಸೆಯ ಹೆರಿಗೆಗೆ ಅಂತ ಡಿಸೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು ಮೊದಲ ಸಲ ವಿಮಾನ ಹತ್ತುತ್ತಿದ್ದೇವೆ. ಮೊಬೈಲ್‌ನಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,990 ಕಿ.ಮೀ. ಅಂತಿದೆ. ಗಂಟೆಗೆ 900 ಅಂದರೆ ಹದಿನೈದೂವರೆ ಗಂಟೆ. ಇನ್ನೊಂದು ಕಡೆ 17 ಗಂಟೆ ಅಂತಿದೆ. ಮಗ ತೆಗೆದ ಟಿಕೆಟ್‌ನಲ್ಲಿ ನಡುವೆ ಒಂದು ಕಡೆ ಇಳಿದು ಹತ್ತಬೇಕು, 23 ಗಂಟೆ. ಆದರೆ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ರಾತ್ರಿ ಹನ್ನೊಂದೂವರೆಗೆ ತಲುಪುತ್ತೀರಿ ಅಂತಲೂ ಅದರಲ್ಲೇ ಇದೆ. ಏಪ್ರಿಲ್‌ನಲ್ಲಿ ವಾಪಸ್ ಬರುವಾಗ ಶುಕ್ರವಾರ ರಾತ್ರಿ ಎಂಟೂವರೆಗೆ ಹೊರಟರೆ ಭಾನುವಾರ ಬೆಳಗ್ಗೆ 8ಕ್ಕೆ ಬೆಂಗಳೂರು. ಯಾವುದು ನಿಜ? — ಕೌಲ್ ಬಜಾರ್, ಬಳ್ಳಾರಿ

ಎಲ್ಲವೂ ನಿಜ ಅಮ್ಮಾ. ಒಂದೊಂದು ಅಂಕಿ ಒಂದೊಂದನ್ನು ಹೇಳುತ್ತಿದೆ, ಅಷ್ಟೇ.

13,990 ಕಿ.ಮೀ. ಅನ್ನುವುದು ಭೂಮಿಯ ಮೇಲೆ ದಾರ ಹಿಡಿದು ಅಳೆದ ದೂರ. ಬಳ್ಳಾರಿಯಿಂದ ರಾಯಚೂರಿಗೆ ಕಾಗೆ ಹಾರಿದ ಹಾಗೆ ಹೋದರೆ 130 ಕಿ.ಮೀ. ಒಳಗೇ ಮುಗಿಯುತ್ತದೆ. ಬಸ್ಸು ಸಿರುಗುಪ್ಪ, ಸಿಂಧನೂರು, ಮಾನ್ವಿ ಅಂತ ಹೋಗುವಾಗ 150 ದಾಟುತ್ತದೆ, ಅಲ್ವಾ? ವಿಮಾನಕ್ಕೂ ಹಾಗೇ. ಆಕಾಶ ಖಾಲಿ ಕಂಡರೂ ಅಲ್ಲಿ ದಾರಿಗಳಿವೆ, ಮುಚ್ಚಿದ ಬಾಗಿಲುಗಳೂ ಇವೆ. ಏಪ್ರಿಲ್ 2025ರಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಭೂಪಟದಲ್ಲಿ ಎರಡೂ ಊರು ಇದ್ದಲ್ಲೇ ಇದ್ದವು, ಗಂಟೆ ಮಾತ್ರ ಜಾಸ್ತಿ ಆಯಿತು. ಟಿಬೆಟ್ ಪ್ರಸ್ಥಭೂಮಿ ಇನ್ನೊಂದು. ಹಾರುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಹೋದರೆ ವಿಮಾನ ಬೇಗ ಹತ್ತು ಸಾವಿರ ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಆ ಭಾಗವನ್ನು ಆದಷ್ಟು ಬಿಟ್ಟೇ ದಾರಿ ಹಾಕುತ್ತಿದ್ದೆವು.

ಗಂಟೆಗೆ 900 ಅನ್ನುವುದು ನಡುದಾರಿಯ ವೇಗ. ಗೇಟಿನಿಂದ ಹಿಂದಕ್ಕೆ ತಳ್ಳಿ, ರನ್‌ವೇ ತನಕ ನಿಧಾನ ಉರುಳಿ, ಸರದಿಯಲ್ಲಿ ನಿಂತು, ಎದ್ದು, ಎತ್ತರಕ್ಕೆ ಹತ್ತಿ, ಕೊನೆಗೆ ಇಳಿದು ಮತ್ತೆ ಗೇಟು ಸೇರುವ ತನಕದ ಹೊತ್ತೆಲ್ಲ ಟಿಕೆಟ್‌ನಲ್ಲಿ ಸೇರಿರುತ್ತದೆ. ಟಿಕೆಟ್‌ನ ಗಂಟೆ ಗೇಟಿನಿಂದ ಗೇಟಿಗೆ. ನೀವು ನೋಡಿದ 17 ಗಂಟೆ ನಡುವೆ ಎಲ್ಲೂ ಇಳಿಯದ ವಿಮಾನದ್ದು. ಈ ಎರಡು ಊರಿನ ನಡುವೆ ಏರ್ ಇಂಡಿಯಾ ಜನವರಿ 2021ರಲ್ಲಿ ನೇರ ವಿಮಾನ ಶುರು ಮಾಡಿದಾಗ ಆಗುತ್ತಿದ್ದುದು ಅಷ್ಟೇ. ನಿಮ್ಮ 23 ಗಂಟೆಯಲ್ಲಿ ಎರಡು ಹಾರಾಟ, ನಡುವಿನ ಕಾಯುವಿಕೆ ಎಲ್ಲ ಸೇರಿದೆ.

ಈಗ ಗಡಿಯಾರದ ಗೋಜಲು ಬಿಡಿಸೋಣ. ಒಂದು ಮಾತು ನೆನಪಿಟ್ಟರೆ ಸಾಕು: ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನೀವು ಮಧ್ಯಾಹ್ನ 2ಕ್ಕೆ ಹೊರಟಿರಿ, 23 ಗಂಟೆ ಕೂಡಿಸಿ, ನಮ್ಮ ಗಡಿಯಾರದಲ್ಲಿ ಮರುದಿನ ಮಧ್ಯಾಹ್ನ 1 ಗಂಟೆ. ಅದರಲ್ಲಿ ಹದಿಮೂರೂವರೆ ಕಳೆಯಿರಿ. ಹಿಂದಿನ ರಾತ್ರಿ ಹನ್ನೊಂದೂವರೆ ಬಂತು. ಮಗನ ಗೋಡೆಯ ಕ್ಯಾಲೆಂಡರ್‌ನಲ್ಲಿ ಅದು ನೀವು ಹೊರಟ ದಿನವೇ.

ವಾಪಸ್ ಬರುವಾಗ ಕಳೆಯುವ ಬದಲು ಕೂಡಿಸಬೇಕು. ಶುಕ್ರವಾರ ರಾತ್ರಿ ಎಂಟೂವರೆಗೆ 23 ಕೂಡಿಸಿದರೆ ಶನಿವಾರ ಸಂಜೆ ಏಳೂವರೆ. ಅದಕ್ಕೆ ಹನ್ನೆರಡೂವರೆ ಕೂಡಿಸಿ, ಭಾನುವಾರ ಬೆಳಗ್ಗೆ 8. ಈ ಸಲ ಹದಿಮೂರೂವರೆ ಬಿಟ್ಟು ಹನ್ನೆರಡೂವರೆ ಹಾಕಿದ್ದು ಯಾಕೆ ಅಂದರೆ, ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆ ಮೊದಲ ನೇರ ವಿಮಾನವೂ 9 ಜನವರಿ 2021ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಸೋಮವಾರ 11ರ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯಿತು. ಅದರ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವ. ನಿಮ್ಮ ಹಾಗೆ ಮೊದಲ ಸಲ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಲೇಬೇಕು ಅನ್ನಿಸುತ್ತದೆ.

ಆದರೆ ನಿಮಗೆ ನಿಜವಾಗಿ ಬೇಕಾದ ಲೆಕ್ಕ ಇದ್ಯಾವುದೂ ಅಲ್ಲ. ಕೌಲ್ ಬಜಾರಿನ ನಿಮ್ಮ ಮನೆ ಬಾಗಿಲಿಂದ ಮಗನ ಮನೆ ಬಾಗಿಲಿಗೆ ಎಷ್ಟು ಅನ್ನುವುದು. ದೇವನಹಳ್ಳಿಗೆ ಕಾರಲ್ಲಿ ಆರು ಗಂಟೆ ಹಿಡಿಯಿರಿ. ದಾರಿಯಲ್ಲಿ ಟೈರು, ಟ್ರಾಫಿಕ್ಕು ಅಂತ ಎರಡು ಗಂಟೆ ಕೈಯಲ್ಲಿ ಇರಲಿ. ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ. ಆಮೇಲೆ 23. ಅಲ್ಲಿ ಇಮಿಗ್ರೇಷನ್ ಸಾಲು, ಸೂಟ್‌ಕೇಸು, ಮಗನ ಕಾರು ಸೇರಿ ಎರಡು, ಎರಡೂವರೆ. ಒಟ್ಟು 36 ಗಂಟೆ. ಈ ಅಂಕಿಯನ್ನು ಮನಸ್ಸಲ್ಲಿ ಇಟ್ಟುಕೊಂಡು ಊಟ, ನಿದ್ದೆ, ಮಾತ್ರೆ ಪ್ಲಾನ್ ಮಾಡಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ಯಜಮಾನರಿಗೆ ಇನ್ಸುಲಿನ್ ಇದ್ದರೆ ಯಾವ ಗಡಿಯಾರ ನೋಡಿ ತಗೋಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಒಂದೂವರೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು.

ಇನ್ನೊಂದು, ಇದನ್ನು ಮಗನಿಗೆ ಇವತ್ತೇ ಫೋನ್ ಮಾಡಿ ಕೇಳಿ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ ಇವೆಯಾ, ಬೇರೆ ಬೇರೆ ಟಿಕೆಟ್ಟಾ? ಒಂದೇ ಬುಕಿಂಗ್ ನಂಬರ್ ಇದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಕಂಪನಿಯದು. ಬೇರೆ ಬೇರೆ ತೆಗೆದಿದ್ದರೆ ಹೊಣೆ ನಿಮ್ಮದು. ನನ್ನ ತಾಯಿಯನ್ನು ಒಮ್ಮೆ ಕರೆಸಿಕೊಂಡಾಗ ಸ್ವಲ್ಪ ದುಡ್ಡು ಉಳಿಯುತ್ತೆ ಅಂತ ನಾನೇ ಎರಡು ಬೇರೆ ಟಿಕೆಟ್ ತೆಗೆದಿದ್ದೆ, ನಡುವೆ ಎರಡೂಕಾಲು ಗಂಟೆ ಇತ್ತು, ಸಾಕು ಅಂದುಕೊಂಡಿದ್ದೆ. ಮೊದಲ ವಿಮಾನ ಒಂದೂವರೆ ಗಂಟೆ ತಡ ಆಯಿತು. ಕೌಂಟರ್ ಮುಚ್ಚಿತ್ತು. ಭಾಷೆ ಗೊತ್ತಿಲ್ಲದ ಊರಲ್ಲಿ ಅಮ್ಮ ರಾತ್ರಿಯೆಲ್ಲ ಕುರ್ಚಿ ಮೇಲೆ ಕೂತಿದ್ದಳು, ಮಡಿಲಲ್ಲಿ ಚಟ್ನಿಪುಡಿ ಡಬ್ಬಿ ಹಿಡಿದುಕೊಂಡು. ದಿನಾ ಇದೇ ಕೆಲಸ ಮಾಡುವ ನಾನೇ ಮಾಡಿದ ತಪ್ಪು ಅದು. ಈಗಲೂ ನೆನೆದರೆ ಹೊಟ್ಟೆ ಹಿಂಡುತ್ತದೆ.

ಬುಕಿಂಗ್‌ನಲ್ಲಿ ಗಾಲಿಕುರ್ಚಿ ಸಹಾಯ ಬೇಕು ಅಂತ ಹಾಕಿಸಿ. ನಡೆಯಲು ಬರುತ್ತೆ ಅಂತ ಸಂಕೋಚ ಬೇಡ. ದೊಡ್ಡ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಬಹಳ ದೂರ ಇರುತ್ತದೆ, ದಾರಿ ಬಲ್ಲವರು ಜೊತೆಗಿದ್ದರೆ ಆ ಅರ್ಧ ಗಂಟೆಯ ಆತಂಕ ಇರಲ್ಲ. ಅಮೆರಿಕದ ಬೇರೆ ಊರಲ್ಲಿ ಇಳಿದು ಹತ್ತುವ ಟಿಕೆಟ್ ಆಗಿದ್ದರೆ ಇನ್ನೊಂದು ಮಾತು: ಅಲ್ಲಿ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಷನ್ ಆಗುತ್ತದೆ, ಸಾಮಾನು ತೆಗೆದು ಮತ್ತೆ ಕೊಡಬೇಕು. ಅದಕ್ಕೆ ಮೂರು ಗಂಟೆಗಿಂತ ಕಡಿಮೆ ಇದ್ದರೆ ಟಿಕೆಟ್ ಬದಲಾಯಿಸಿ ಅಂತಲೇ ಹೇಳುತ್ತೇನೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ವಿಮಾನ ಎಲ್ಲಿದೆ ಅಂತ ತೋರಿಸುವ ಆ್ಯಪ್‌ನಲ್ಲಿ ಅಮೆರಿಕದ ವಿಮಾನಗಳು ನೇರ ಹೋಗದೆ ಬಿಲ್ಲಿನ ಹಾಗೆ ಬಾಗಿ ಮೇಲಕ್ಕೆ, ಉತ್ತರಕ್ಕೆ ಹೋಗುತ್ತವೆ. ಸುಮ್ನೆ ಸುತ್ತು ಯಾಕೆ? — ರಾಯಚೂರು

ಸುತ್ತು ಅಲ್ಲ, ಅದೇ ಹತ್ತಿರದ ದಾರಿ. ನಂಬಿಕೆ ಬರಲ್ಲ ಅಂದರೆ ಮನೆಯಲ್ಲೇ ನೋಡಬಹುದು. ಬೇಸಿಗೆಯಲ್ಲಿ ನಿಮ್ಮ ಊರಲ್ಲಿ ರಸ್ತೆಗೊಂದು ರಾಶಿ ಕಲ್ಲಂಗಡಿ ಇರುತ್ತದೆ. ಉದ್ದನೆಯದು ಬೇಡ, ದುಂಡಗಿನದು ಒಂದು ತಗೋ. ತೊಟ್ಟು ಉತ್ತರ ಧ್ರುವ. ಸರಿಯಾಗಿ ಹೊಟ್ಟೆಯ ಸುತ್ತ ಪೆನ್ನಿಂದ ಒಂದು ಗೆರೆ ಎಳಿ, ಅದು ಭೂಮಧ್ಯರೇಖೆ. ಆ ಗೆರೆಯಿಂದ ತೊಟ್ಟಿನ ತನಕ ಏಳು ಪಾಲು ಮಾಡಿದರೆ ಒಂದು ಪಾಲು ಮೇಲೆ ಬೆಂಗಳೂರು, 13 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 38 ಡಿಗ್ರಿ ಹತ್ತಿರ, ಅಂದರೆ ಮೂರು ಪಾಲು ಮೇಲೆ, ಆದರೆ ಹಣ್ಣಿನ ಹೆಚ್ಚುಕಡಿಮೆ ಹಿಂಬದಿಗೆ. ಎರಡೂ ಕಡೆ ಚುಕ್ಕೆ ಇಡು. ಈಗ ಹೂ ಕಟ್ಟುವ ದಾರ ತಗೊಂಡು ಎರಡು ಚುಕ್ಕೆಯ ಮೇಲೆ ಬೆರಳಿಂದ ಒತ್ತಿ ಬಿಗಿಯಾಗಿ ಎಳಿ. ದಾರ ಹೊಟ್ಟೆಯ ಸುತ್ತ ನಿಲ್ಲುವುದಿಲ್ಲ, ತಾನಾಗೇ ಜಾರಿ ತೊಟ್ಟಿನ ಹತ್ತಿರ ಹೋಗಿ ಕೂರುತ್ತದೆ. ನಾನು ನಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಿದಾಗ ದಾರ ಜಾರಿದ ಆ ಕ್ಷಣ ಇಷ್ಟು ವರ್ಷ ಲೆಕ್ಕದಲ್ಲಿ ನೋಡಿದ್ದನ್ನು ಬೆರಳಲ್ಲಿ ಮುಟ್ಟಿದ ಹಾಗಾಯಿತು.

ತೊಂದರೆ ಇರುವುದು ಚಪ್ಪಟೆ ಭೂಪಟದಲ್ಲಿ. 1569ರಲ್ಲಿ ಮರ್ಕೇಟರ್ ಅನ್ನುವವನು ಹಡಗಿನವರಿಗೆ ಅಂತ ಮಾಡಿದ ಪಟದ ಮಾದರಿಯನ್ನೇ ಫೋನಿನಲ್ಲೂ ಬಳಸುತ್ತಾರೆ. ಹಡಗಿನವರಿಗೆ ದಿಕ್ಕು ಸರಿ ಸಿಗುತ್ತದೆ, ಆದರೆ ಮೇಲೆ ಹೋದ ಹಾಗೆ ನೆಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ನಮ್ಮ ಬಳ್ಳಾರಿ ರಾಯಚೂರು ಸೀಮೆಯಲ್ಲಿ ಪೂರ್ವಕ್ಕೆ ಒಂದು ಡಿಗ್ರಿ ಹೋದರೆ ಸುಮಾರು 107 ಕಿ.ಮೀ. ಅದೇ 60 ಡಿಗ್ರಿ ಉತ್ತರದಲ್ಲಿ ಸುಮಾರು 56. ಪಟದಲ್ಲಿ ಎರಡೂ ಒಂದೇ ಅಗಲ. ಪಟದ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿಂದ ಪೂರ್ವಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಗೆರೆ ಎಳೆದು ಅದರ ಮೇಲೇ ಹಾರಿದರೆ 16,000 ಕಿ.ಮೀ. ದಾಟುತ್ತದೆ. ದಾರದ ದಾರಿ 14,000. ಎರಡು ಗಂಟೆಗೂ ಜಾಸ್ತಿ ಉಳಿಯಿತು.

ದಾರದ ದಾರಿ ಅತಿ ಉತ್ತರಕ್ಕೆ ಹೋಗುವುದು 71 ಡಿಗ್ರಿ ತನಕ, ಸೈಬೀರಿಯಾದ ಉತ್ತರ ತೀರದ ಹತ್ತಿರ. ಆದರೂ ವಿಮಾನ ದಿನಾ ಅದೇ ದಾರಿ ಹಿಡಿಯುವುದಿಲ್ಲ. 2021ರ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲೇ ಬಂತು. ಒಂದು ದಿನ ಪೆಸಿಫಿಕ್ ಕಡೆಯ ಗಾಳಿ ಹಿಂದಿನಿಂದ ತಳ್ಳಿದರೆ ಸಾವಿರ ಕಿ.ಮೀ. ಹೆಚ್ಚು ಉದ್ದದ ದಾರಿಯೇ ಬೇಗ ಮುಗಿಯುತ್ತದೆ. ನಾವು ಹುಡುಕುತ್ತಿದ್ದುದು ಕಡಿಮೆ ಹೊತ್ತಿನ, ಕಡಿಮೆ ಇಂಧನದ ದಾರಿ. ಕಿಲೋಮೀಟರ್ ಎಷ್ಟು ಅಂತ ಕೊನೆಯಲ್ಲಿ ನೋಡುತ್ತಿದ್ದೆವು.

ಹಣ್ಣನ್ನು ಆಮೇಲೆ ಕೊಯ್ದು ತಿನ್ನು, ಪೆನ್ನಿನ ಗುರುತು ತೊಳೆದು.

ಪ್ರಶ್ನೆ: ತಮ್ಮ ದುಬೈನಲ್ಲಿದ್ದಾನೆ. ಹೈದರಾಬಾದಿಂದ ಹೋಗುವಾಗ ಟಿಕೆಟ್‌ನಲ್ಲಿ ನಾಲ್ಕು ಗಂಟೆ, ಬರುವಾಗ ಮೂರೂವರೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ ಅಲ್ವಾ? ಹಾಗಾದರೆ ಹೋಗುವಾಗ ದುಬೈಯೇ ನಮ್ಮ ಕಡೆ ಬರಬೇಕಿತ್ತು. — ಗಂಗಾವತಿ, ಕೊಪ್ಪಳ ಜಿಲ್ಲೆ

ಒಳ್ಳೆ ಪ್ರಶ್ನೆ. ಹಂಪಿ ಎಕ್ಸ್‌ಪ್ರೆಸ್ ಓಡುವಾಗ ಒಳಗೆ ಕೂತು ಒಂದು ಶೇಂಗಾ ಮೇಲಕ್ಕೆ ಎಸೆಯಿರಿ. ಹಿಂದಿನ ಸೀಟಿಗೆ ಬೀಳಲ್ಲ, ನಿಮ್ಮ ಕೈಗೇ ಬರುತ್ತದೆ. ರೈಲಿನ ಜೊತೆ ಅದೂ ಓಡುತ್ತಿರುತ್ತದೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿ ವಿಮಾನ ಈಜುತ್ತದೆ. ಹಾಗಾಗಿ ಭೂಮಿ ತಿರುಗಿ ದುಬೈಯನ್ನು ತಂದು ಕೊಡುವುದಿಲ್ಲ.

ವ್ಯತ್ಯಾಸ ಗಾಳಿಯದ್ದು. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಉತ್ತರ ಭಾರತ, ಅರಬ್ ದೇಶಗಳ ಮೇಲೆ ಗಂಟೆಗೆ 150 ಕಿ.ಮೀ. ದಾಟುವುದು ಮಾಮೂಲು. ಹೈದರಾಬಾದ್–ದುಬೈ ಸುಮಾರು 2,550 ಕಿ.ಮೀ. ಎದುರುಗಾಳಿ ನೂರು ಇದ್ದರೆ 900ರ ವಿಮಾನ ನೆಲದ ಲೆಕ್ಕದಲ್ಲಿ 800ಕ್ಕೆ ಇಳಿಯಿತು, ಮೂರು ಗಂಟೆ ಹತ್ತು ನಿಮಿಷ. ಅದೇ ಗಾಳಿ ಬೆನ್ನಿಗಿದ್ದರೆ 1,000, ಎರಡೂವರೆ ಗಂಟೆ. ಇದಕ್ಕೆ ಹತ್ತುವ, ಇಳಿಯುವ, ನೆಲದಲ್ಲಿ ಉರುಳುವ ಹೊತ್ತು ಸೇರಿಸಿ, ನಿಮ್ಮ ಟಿಕೆಟ್‌ನ ಗಂಟೆ ಬಂತು. ತುಂಬಿದ ತುಂಗಭದ್ರೆಯಲ್ಲಿ ತೆಪ್ಪ ಹೋಗುವುದಕ್ಕೂ ಬರುವುದಕ್ಕೂ ಇರುವ ವ್ಯತ್ಯಾಸವೇ ಇದು.

ನಮ್ಮ ಕಡೆಯವರೇ ನೋಡಬಹುದಾದ ಒಂದು ಚೆಂದದ ಸಂಗತಿ ಇದೆ. ಮುಂಗಾರಿನಲ್ಲಿ, ಜುಲೈ ಆಗಸ್ಟ್‌ನಲ್ಲಿ, ಮಾಳಿಗೆ ಮೇಲೆ ನಿಂತು ಮೋಡ ನೋಡಿ. ಕೆಳಗಿನ ಕಪ್ಪು ಮೋಡ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿರುತ್ತದೆ. ಅದರ ನಡುವೆ ಕಿಂಡಿ ಬಿಟ್ಟಾಗ ತುಂಬ ಮೇಲೆ ಹಿಂಜಿದ ಅರಳೆಯ ಹಾಗೆ ತೆಳು ಮೋಡ ಕಾಣುತ್ತದೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಿರುತ್ತದೆ. ಆ ನಾಲ್ಕು ತಿಂಗಳು ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ದಿಕ್ಕು ಬದಲಾಯಿಸುತ್ತದೆ. ಆಗ ದುಬೈಗೆ ಹೋಗುವ ವಿಮಾನಕ್ಕೆ ಮೊದಲರ್ಧ ದಾರಿ ಬೆನ್ನುಗಾಳಿ ಸಿಗುವ ದಿನಗಳಿವೆ, ತಮ್ಮ ಹೇಳಿದ ಹೊತ್ತಿಗಿಂತ ಬೇಗ ಇಳಿಯಬಹುದು.

ಪ್ರಶ್ನೆ: ಮಗಳು ಓದಲು ಲಂಡನ್ನಿಗೆ ಹೊರಟಿದ್ದಾಳೆ. ಬೆಂಗಳೂರಿಂದ ಕಳಿಸಬೇಕಾ, ಹೈದರಾಬಾದಿಂದಲಾ? ಯಾವುದು ಹತ್ತಿರ? — ರಾಯಚೂರು ತಾಲ್ಲೂಕು

ಹೈದರಾಬಾದ್. ಯೋಚನೆಯೇ ಬೇಡ. ಆಕಾಶದಲ್ಲಿ ನೋಡಿದರೆ ಹೈದರಾಬಾದ್–ಲಂಡನ್ ಸುಮಾರು 7,750 ಕಿ.ಮೀ., ಬೆಂಗಳೂರು–ಲಂಡನ್ ಸುಮಾರು 8,050. ಮುನ್ನೂರು ಕಿ.ಮೀ. ಅಂದರೆ ವಿಮಾನಕ್ಕೆ ಇಪ್ಪತ್ತೇ ನಿಮಿಷ. ನಿರ್ಧಾರ ಆಗುವುದು ನೆಲದಲ್ಲಿ. ರಾಯಚೂರಿಂದ ಶಂಶಾಬಾದ್ ಇನ್ನೂರು ಕಿ.ಮೀ. ಆಸುಪಾಸು, ಅದೂ ಮಹಬೂಬ್‌ನಗರದ ಕಡೆಯಿಂದ ಹೋದರೆ ಹೈದರಾಬಾದ್ ಊರೊಳಗೆ ಕಾಲಿಡುವ ಮುಂಚೆಯೇ ನಿಲ್ದಾಣ ಬರುತ್ತದೆ. ದೇವನಹಳ್ಳಿ ಅದರ ಸುಮಾರು ಎರಡರಷ್ಟು. ರಸ್ತೆಯಲ್ಲೇ ನಾಲ್ಕು ಗಂಟೆ ಉಳಿಯುವಾಗ ಆಕಾಶದ ಇಪ್ಪತ್ತು ನಿಮಿಷ ಲೆಕ್ಕಕ್ಕೇ ಬರಲ್ಲ. ಟಿಕೆಟ್ ದರದಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಮಾತ್ರ ಯೋಚಿಸಿ, ಆಗಲೂ ಟ್ಯಾಕ್ಸಿ ಖರ್ಚು ಸೇರಿಸಿಯೇ ಹೋಲಿಸಿ.

ಕೊಪ್ಪಳದವರು ಹುಬ್ಬಳ್ಳಿಯನ್ನೂ ನೋಡಬಹುದು. ಅಲ್ಲಿಂದ ವಿದೇಶಕ್ಕೆ ಸೇರುವ ವಿಮಾನ ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಸಾಮಾನು ಕೊನೆಯ ಊರಿನ ತನಕ ಹೋಗುತ್ತದಾ ಅಂತ ಕೇಳಿಯೇ ಬುಕ್ ಮಾಡಿ.

ಪ್ರಶ್ನೆ: ತೋರಣಗಲ್ಲಿನಲ್ಲೇ ವಿಮಾನ ನಿಲ್ದಾಣ ಇದೆಯಲ್ಲ. ದೊಡ್ಡ ವಿಮಾನ ತಂದು ಇಲ್ಲಿಂದಲೇ ಅಮೆರಿಕಕ್ಕೆ ಹಾರಿಸಿದರೆ ಬೆಂಗಳೂರಿನ ಅಲೆದಾಟ ತಪ್ಪುತ್ತಿತ್ತು. ಯಾಕೆ ಆಗಲ್ಲ? — ಸಂಡೂರು

ಭಾರ. ಅಮೆರಿಕಕ್ಕೆ ನೇರ ಹಾರುವ ವಿಮಾನ ನೂರು ಟನ್‌ಗೂ ಜಾಸ್ತಿ ಇಂಧನ ತುಂಬಿಕೊಂಡು ಏಳುತ್ತದೆ. ನಿಮ್ಮ ದಾರಿಯಲ್ಲಿ ಹೋಗುವ ಹತ್ತು ಟನ್ನಿನ ಲಾರಿ ಹತ್ತು ಸೇರಿಸಿದರೂ ಸಾಲದು. ಆ ಇಂಧನವನ್ನು ಹೊತ್ತೊಯ್ಯಲಿಕ್ಕೇ ಮತ್ತೆ ಇಂಧನ ಬೇಕು. ಅಷ್ಟು ಭಾರ ಎತ್ತಲು ಉದ್ದ ರನ್‌ವೇ ಬೇಕು, ದೇವನಹಳ್ಳಿಯ ಎರಡೂ ರನ್‌ವೇ 4,000 ಮೀಟರ್. ತೋರಣಗಲ್ಲಿನದು ಸಣ್ಣ ವಿಮಾನಗಳಿಗೆ ಅಂತ ಮಾಡಿದ್ದು.

ಜೊತೆಗೆ ನಮ್ಮ ಬಿಸಿಲು. ಬಿಸಿ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಕಡಿಮೆ, ಇಂಜಿನ್‌ಗೂ ದಮ್ಮು ಕಡಿಮೆ. ದೇವನಹಳ್ಳಿಯೇ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರ, ಅಲ್ಲಿ ಗಾಳಿ ಮೊದಲೇ ತೆಳು. ತಂಪಾದ ರಾತ್ರಿ ಎತ್ತಬಹುದಾದ ಭಾರವನ್ನು ಮೇ ತಿಂಗಳ ಮಧ್ಯಾಹ್ನ ಎತ್ತಲು ಆಗದೆ, ಕಾರ್ಗೋ ಪೆಟ್ಟಿಗೆ ಇಳಿಸಿ ಅಂತ ನಾನೇ ಹೇಳಿದ ದಿನಗಳಿವೆ.

ತೋರಣಗಲ್ಲಿನ ಬಳಕೆ ಬೇರೆ ಥರ. ಎರಡು ಪಂಖದ ಸಣ್ಣ ವಿಮಾನ ಗಂಟೆಗೆ 500 ಕಿ.ಮೀ. ಹೋದರೂ ಬೆಂಗಳೂರು ಒಂದು ಗಂಟೆ ಚಿಲ್ಲರೆ. ನೀವು ಹೋಗುವ ದಿನ ವಿಮಾನ ಇದೆಯಾ ಅಂತ ನೋಡಿ, ಇದ್ದರೆ ದೊಡ್ಡ ಹಾರಾಟದ ಹಿಂದಿನ ದಿನದ್ದನ್ನೇ ತಗೊಳ್ಳಿ, ಅದೇ ದಿನದ್ದು ಬೇಡ. ರೈಲಲ್ಲಿ ಹೋಗುವುದಾದರೂ ಇದೇ ಮಾತು. ಹಂಪಿ ಎಕ್ಸ್‌ಪ್ರೆಸ್ ಯಲಹಂಕದ ಮೇಲೇ ಹೋಗುತ್ತದೆ, ಮೆಜೆಸ್ಟಿಕ್ ತನಕ ಹೋಗಿ ಮತ್ತೆ ಹಿಂದಕ್ಕೆ ಬರುವ ಬದಲು ಅಲ್ಲಿಂದಲೇ ದೇವನಹಳ್ಳಿಗೆ ಟ್ಯಾಕ್ಸಿ ಹಿಡಿದರೆ ಬೆಳಗಿನ ಹೊತ್ತು ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ.